ವೈದ್ಯಕೀಯದ ಉದ್ದ ಪದಗಳೂ ನಮ್ಮ ಗುರು–ಲಘುವೂ

(ವೈದ್ಯಕೀಯ ಪರಿಭಾಷೆಯನ್ನು ಹೊಸದಾಗಿ ಕಲಿಯುತ್ತಿರುವವರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ. ಇಂಗ್ಲಿಷ್ ಉಚ್ಚಾರಣೆಯನ್ನು ಕನ್ನಡ ಲಿಪಿಗೆ ಆದಷ್ಟು ಹತ್ತಿರ ತಂದು ಬರೆದಿದ್ದೇನೆ. ಪದಗಳ ನಡುವಿನ ಅಡ್ಡಗೆರೆಗಳು ಸಿಲೆಬಲ್, ಅಂದರೆ ಒಂದು ಸ್ವರದ ಸುತ್ತ ಒಟ್ಟಿಗೆ ನುಡಿಯುವ ತುಂಡು, ಎಲ್ಲಿ ಮುರಿಯುತ್ತದೆ ಎಂಬುದನ್ನು ತೋರಿಸುತ್ತವೆ.)

ರಕ್ತದೊತ್ತಡ ಅಳೆಯುವ ಉಪಕರಣದ ಇಂಗ್ಲಿಷ್ ಹೆಸರನ್ನು ಒಮ್ಮೆ ಗಟ್ಟಿಯಾಗಿ ಹೇಳಿ ನೋಡೋಣ: ಸ್ಫಿಗ್ಮೊಮನಾಮಿಟರ್. ಬಹಳ ಮಂದಿಯ ಬಾಯಲ್ಲಿ ಇದು ‘ಸ್ಫಿಗ್ಮನೋಮೀಟರ್’ ಆಗುತ್ತದೆ. ಹಾಗೆ ಹೇಳಿದಾಗ ಎರಡು ದೋಷಗಳು ಒಟ್ಟಿಗೆ ನಡೆದಿರುತ್ತವೆ. ನಡುವಿನ ಒಂದು ಸಿಲೆಬಲ್ ಬಿದ್ದುಹೋಗಿರುತ್ತದೆ. ಜೊತೆಗೆ ಒತ್ತು, ಅಂದರೆ ಒಂದು ಸಿಲೆಬಲ್ಲನ್ನು ಉಳಿದವಕ್ಕಿಂತ ಬಲವಾಗಿ ನುಡಿಯುವುದು, ತನ್ನ ಜಾಗ ಬಿಟ್ಟು ‘ಮೀಟರ್’ ಎಂಬ ಪರಿಚಿತ ತುಂಡಿನ ಮೇಲೆ ಹೋಗಿ ಕೂತಿರುತ್ತದೆ. ಮೊದಲನೆಯ ದೋಷದ ಕಾರಣ ಸುಲಭವಾಗಿ ಗೊತ್ತಾಗುತ್ತದೆ. ಮೊ, ಮ, ನಾ, ಮಿ ಎಂದು ಮಕಾರ ನಕಾರಗಳು ಸಾಲುಗಟ್ಟಿ ಬಂದಾಗ ನಾಲಿಗೆ ಒಂದನ್ನು ನುಂಗಿಬಿಡುತ್ತದೆ. ಇಂಗ್ಲಿಷ್ ಮನೆಮಾತಾದವರೂ ನುಂಗುತ್ತಾರೆ. ಇಂದು ನಾನು ಮಾತನಾಡಬೇಕೆಂದಿರುವುದು ಎರಡನೆಯ ದೋಷದ ಬಗ್ಗೆ.

ಈ ಪದವನ್ನು ಅರ್ಥದ ದೃಷ್ಟಿಯಿಂದ ಬಿಡಿಸಿದರೆ ಮೂರು ತುಂಡುಗಳು ಸಿಗುತ್ತವೆ. ಗ್ರೀಕ್ ಮೂಲದ ‘ಸ್ಫಿಗ್ಮೊ’ ಎಂದರೆ ನಾಡಿಮಿಡಿತ. ‘ಮನೊ’ ಎಂದರೆ ವಿರಳವಾದದ್ದು, ತೆಳುವಾದದ್ದು. ‘ಮೀಟರ್’ ಎಂದರೆ ಅಳೆಯುವಂಥದ್ದು. ಅನಿಲ ಅಥವಾ ದ್ರವದ ಒತ್ತಡ ಅಳೆಯುವ ಸಾಧನವನ್ನು ಮನಾಮಿಟರ್ ಎನ್ನುವ ರೂಢಿ ಮೊದಲೇ ಇತ್ತು. ಅದನ್ನು 1881ರಲ್ಲಿ ಸ್ಯಾಮ್ಯುಯೆಲ್ ಫಾನ್ ಬಾಶ್ ನಾಡಿಗೆ ಹೊಂದಿಸಿದರು. 1896ರಲ್ಲಿ ಸಿಪಿಯೋನೆ ರಿವಾ-ರೊಚ್ಚಿ ತೋಳಿಗೆ ಪಟ್ಟಿ ಸುತ್ತುವ, ಪಾದರಸದ ರೂಪವನ್ನು ಕೊಟ್ಟರು. ಅರ್ಥದ ಕಥೆ ಅಲ್ಲಿಗೆ ಮುಗಿಯಿತು. ಉಚ್ಚಾರಣೆಯ ದೃಷ್ಟಿಯಿಂದ ಬಿಡಿಸಿದರೆ ಸಿಗುವುದು ಆರು ತುಂಡುಗಳು: ಸ್ಫಿಗ್-ಮೊ-ಮ-ನಾಮ್-ಇ-ಟರ್. ಒತ್ತು ಬೀಳುವುದು ನಾಲ್ಕನೆಯದಾದ ‘ನಾಮ್’ ಮೇಲೆ. ಆ ‘ನಾಮ್’ ಯಾವುದಕ್ಕೆ ಸೇರಿದ್ದು ಎಂದು ಕೇಳಿಕೊಳ್ಳಿ. ಅದರ ‘ನಾ’ ಮನೊ ಎಂಬುದರ ಬಾಲ, ಅದರ ‘ಮ್’ ಮೀಟರಿನ ತಲೆ. ಅರ್ಥದ ಎರಡು ತುಂಡುಗಳನ್ನು ಹೊಲಿದಿರುವ ಜಾಗದಲ್ಲಿಯೇ ಒತ್ತು ಬಂದು ಕೂತಿದೆ, ಮತ್ತು ‘ಮೀಟರ್’ ಎಂಬ ತುಂಡು ಮಾತಿನಲ್ಲಿ ಇಡಿಯಾಗಿ ಉಳಿದೇ ಇಲ್ಲ.

ವೈದ್ಯಕೀಯ ಪರಿಭಾಷೆಯನ್ನು ಕಲಿಸುವ ಪಠ್ಯಗಳೆಲ್ಲ ಪದವನ್ನು ಉಪಸರ್ಗ, ಮೂಲಪದ, ಜೋಡಿಸುವ ಸ್ವರ, ಪ್ರತ್ಯಯ ಎಂದು ಬಿಡಿಸುವುದನ್ನು ಚೆನ್ನಾಗಿಯೇ ಹೇಳಿಕೊಡುತ್ತವೆ. ಗ್ಯಾಸ್ಟ್ರ್, ಓ, ಎಂಟರ್, ಓ, ಲಜಿ ಎಂದು ಬಿಡಿಸಿ, ಜಠರ ಮತ್ತು ಕರುಳಿನ ಶಾಸ್ತ್ರ ಎಂದು ತಿಳಿದುಕೊಳ್ಳುತ್ತೇವೆ. ತೊಂದರೆ ಏನೆಂದರೆ, ಅರ್ಥಕ್ಕಾಗಿ ಬಿಡಿಸಿದ ಆ ಕೀಲುಗಳಲ್ಲಿಯೇ ನಿಂತು ನಿಂತು ಉಚ್ಚರಿಸಲು ಹೊರಡುತ್ತೇವೆ. ಗ್ಯಾಸ್ಟ್ರೋ, ಎಂಟರೋ, ಲಾಜಿ ಎಂದು ಮೂರು ಪದಗಳನ್ನು ಪಕ್ಕಪಕ್ಕದಲ್ಲಿಟ್ಟಂತೆ ಹೇಳುತ್ತೇವೆ. ಕೇಳುವವರ ಕಿವಿ ನಿರೀಕ್ಷಿಸುವುದು ಗ್ಯಾಸ್-ಟ್ರೋ-ಎನ್-ಟ-ರಾ-ಲ-ಜಿ ಎಂಬ ಏಳು ಸಿಲೆಬಲ್‌ಗಳನ್ನು, ‘ರಾ’ ಮೇಲೆ ಒತ್ತಿನೊಂದಿಗೆ. ಅರ್ಥಕ್ಕಾಗಿ ಮುರಿಯುವ ಜಾಗವೇ ಬೇರೆ, ಉಚ್ಚಾರಣೆಗಾಗಿ ಮುರಿಯುವ ಜಾಗವೇ ಬೇರೆ. ಮೊದಲನೆಯದು ಎಡದಿಂದ ಬಲಕ್ಕೆ ನಡೆದರೂ ಸಾಗುತ್ತದೆ. ಎರಡನೆಯದನ್ನು ಪದದ ಕೊನೆಯಿಂದಲೇ ಎಣಿಸಬೇಕು.

ಕನ್ನಡದವರಿಗೆ ಇಲ್ಲಿ ಒಂದು ವಿಶೇಷ ತೊಡಕಿದೆ, ಅದಕ್ಕೆ ಪರಿಹಾರವೂ ಕನ್ನಡದಲ್ಲಿಯೇ ಇದೆ. ನಮ್ಮ ಬರವಣಿಗೆ ಅಕ್ಷರಗಳಲ್ಲಿ ಮುರಿಯುತ್ತದೆ. ‘ಡಾಕ್ಟರ್’ ಎಂದು ಬರೆದರೆ ಡಾ, ಕ್ಟ, ರ್ ಎಂದು ಕಣ್ಣಿಗೆ ಕಾಣುತ್ತದೆ. ಕಿವಿಗೆ ಕೇಳುವುದು ಡಾಕ್, ಟರ್ ಎಂಬ ಎರಡು ಸಿಲೆಬಲ್ ಮಾತ್ರ. ಎರಡು ವ್ಯಂಜನಗಳು ಕೂಡಿದಾಗ ನಮ್ಮ ಲಿಪಿ ಎರಡನ್ನೂ ಮುಂದಿನ ಸ್ವರದ ಕಡೆಗೆ ತಳ್ಳಿಬಿಡುತ್ತದೆ. ಆದರೆ ಛಂದಸ್ಸು ಲಿಪಿಯ ಮಾತನ್ನು ನಂಬುವುದಿಲ್ಲ. ಪ್ರಸ್ತಾರ ಹಾಕುವಾಗ ಒತ್ತಕ್ಷರದ ಹಿಂದಿನ ಅಕ್ಷರವನ್ನು ಗುರು ಎಂದು ಎಣಿಸುತ್ತೇವಲ್ಲ, ಅದಕ್ಕೆ ಕಾರಣ ಇಷ್ಟೇ: ಒತ್ತಕ್ಷರದ ಮೊದಲ ವ್ಯಂಜನ ಉಚ್ಚಾರಣೆಯಲ್ಲಿ ಹಿಂದಕ್ಕೆ ಸರಿದು ಹಿಂದಿನ ಅಕ್ಷರಕ್ಕೆ ಅಂಟಿಕೊಂಡು ಅದರ ತೂಕ ಹೆಚ್ಚಿಸುತ್ತದೆ. ಲಿಪಿಯಲ್ಲಿ ಕಾಣದ ಸಿಲೆಬಲ್ ಛಂದಸ್ಸಿನಲ್ಲಿ ಕಾಣುತ್ತದೆ. ಇಂಗ್ಲಿಷಿನಲ್ಲಿಯೂ ಈ ಜಗಳ ಒಂದು ಕಾಲಕ್ಕೆ ಇತ್ತು. ಹಳೆಯ ಕಾಗುಣಿತ ಪುಸ್ತಕಗಳು ‘ಕ್ಲಸ್ಟರ್’ ಪದವನ್ನು ನಮ್ಮ ಅಕ್ಷರದ ರೀತಿಯಲ್ಲಿಯೇ ಕ್ಲ-ಸ್ಟರ್ ಎಂದು ಒಡೆಯುತ್ತಿದ್ದವು. 1783ರ ತಮ್ಮ ಕಾಗುಣಿತ ಪುಸ್ತಕದಲ್ಲಿ ಅಮೆರಿಕದ ನಿಘಂಟುಕಾರ ನೋವಾ ವೆಬ್‌ಸ್ಟರ್ ಅದನ್ನು ಕಿವಿಗೆ ಕೇಳುವಂತೆ ಕ್ಲಸ್-ಟರ್ ಎಂದು ಒಡೆದರು. ಇಂದಿಗೂ ಅಮೆರಿಕದ ನಿಘಂಟುಗಳು ಹೆಚ್ಚಾಗಿ ಉಚ್ಚಾರಣೆಯನ್ನೂ, ಬ್ರಿಟನ್ನಿನ ಪದ್ಧತಿ ಪದದ ರಚನೆಯನ್ನು ಸ್ವಲ್ಪ ಹೆಚ್ಚಾಗಿಯೂ ಅನುಸರಿಸಿ ಪದ ಒಡೆಯುತ್ತವೆ. ನಿಘಂಟಿನ ಮುಖ್ಯಪದದ ನಡುವೆ ಕಾಣುವ ಚುಕ್ಕೆಗಳು ಸಾಲಿನ ಕೊನೆಯಲ್ಲಿ ಪದ ಮುರಿಯುವುದಕ್ಕಾಗಿ ಇಟ್ಟವು ಎಂಬುದನ್ನು ಮರೆಯಬಾರದು. ಉಚ್ಚಾರಣೆ ಬೇಕಾದವರು ಅದರ ಪಕ್ಕದ ಉಚ್ಚಾರಣಾ ಸಂಕೇತಗಳನ್ನೇ ನೋಡಬೇಕು.

ಈಗ ಮುಖ್ಯ ಸೂತ್ರಕ್ಕೆ ಬರುತ್ತೇನೆ. ವೈದ್ಯಕೀಯ ಪದಗಳಲ್ಲಿ ಬಹುಪಾಲು ಹುಟ್ಟಿದ್ದು ಗ್ರೀಕಿನಲ್ಲಾದರೂ ಇಂಗ್ಲಿಷಿಗೆ ಬಂದದ್ದು ಲ್ಯಾಟಿನ್ ಉಡುಪು ತೊಟ್ಟು. ಹಾಗಾಗಿ ಒತ್ತಿನ ವಿಷಯದಲ್ಲಿ ಅವು ಲ್ಯಾಟಿನ್ನಿನ ನಿಯಮವನ್ನು ಪಾಲಿಸುತ್ತವೆ, ಮತ್ತು ಆ ನಿಯಮ ಅಪ್ಪಟ ಗುರು–ಲಘುವಿನ ಲೆಕ್ಕ. ಪದದ ಕೊನೆಯಿಂದ ಎರಡನೆಯ ಸಿಲೆಬಲ್ ನೋಡಿ. ಅದು ಗುರುವಾಗಿದ್ದರೆ ಒತ್ತು ಅದರ ಮೇಲೆಯೇ ನಿಲ್ಲುತ್ತದೆ. ಲಘುವಾಗಿದ್ದರೆ ಒತ್ತು ಒಂದು ಹೆಜ್ಜೆ ಹಿಂದೆ ಸರಿದು ಕೊನೆಯಿಂದ ಮೂರನೆಯದರ ಮೇಲೆ ಬೀಳುತ್ತದೆ. ಕೊನೆಯ ಸಿಲೆಬಲ್ ಮೇಲೆ ಬೀಳುವುದಿಲ್ಲ. ಎರಡೇ ಸಿಲೆಬಲ್ ಇದ್ದರೆ ಮೊದಲನೆಯದರ ಮೇಲೆ: ಫೀಮರ್, ಸ್ಟರ್ನಮ್. ಗುರು ಎಂದರೆ ನಾವು ಶಾಲೆಯಲ್ಲಿ ಕಲಿತದ್ದೇ: ದೀರ್ಘ ಸ್ವರ, ಸಂಧ್ಯಕ್ಷರ (ಎರಡು ಸ್ವರಗಳು ಬೆಸೆದದ್ದು), ಅಥವಾ ಮುಂದೆ ಕೂಡು ವ್ಯಂಜನವಿರುವ ಸ್ವರ.

ದೇಹದ ಭಾಗಗಳ ಹೆಸರಿನಲ್ಲಿ ಪರೀಕ್ಷಿಸೋಣ. ಮೊಣಕಾಲ ಚಿಪ್ಪಿನ ಹೆಸರು ಪಟೆಲ; ಮೂಲ ಬರಹದಲ್ಲಿ ಎರಡು ಲಕಾರಗಳಿವೆ, ಆದ್ದರಿಂದ ‘ಟೆಲ್’ ಗುರು, ಒತ್ತು ಅದಕ್ಕೆ. ಮ್ಯಾಕ್ಸಿಲ, ಮೆಡಲ, ಪ್ಲಸೆಂಟ ಎಲ್ಲವೂ ಹೀಗೆಯೇ. ಭುಜದ ಹಲಗೆಯಾದ ಸ್ಕ್ಯಾಪ್ಯುಲದಲ್ಲಿ ನಡುವಿನ ಸ್ವರ ಹ್ರಸ್ವ, ಮುಂದಿರುವುದು ಒಂಟಿ ಲಕಾರ. ಲಘುವಾದ್ದರಿಂದ ಒತ್ತು ಹಿಂದೆ ಸರಿದು ‘ಸ್ಕ್ಯಾ’ ಮೇಲೆ ಬಿತ್ತು. ಅನ್ನನಾಳದ ಹೆಸರು ಇ-ಸಾ-ಫ-ಗಸ್. ‘ಫ’ ಲಘು, ಒತ್ತು ‘ಸಾ’ ಮೇಲೆ. ಸ್ವರದ ಮುಂದೆ ಇನ್ನೊಂದು ಸ್ವರ ಬಂದರೆ ಮೊದಲನೆಯದನ್ನು ಸಾಮಾನ್ಯವಾಗಿ ಲಘು ಎಂದೇ ಎಣಿಸಬೇಕು. ನ್ಯುಮೋನಿಯ, ಅನೀಮಿಯ, ಮಲೇರಿಯಗಳಲ್ಲಿ ಕೊನೆಯಿಂದ ಮೂರನೆಯ ಸಿಲೆಬಲ್ ಏಕೆ ಎದ್ದು ಕೇಳುತ್ತದೆ ಎಂಬುದಕ್ಕೆ ಇದೇ ಉತ್ತರ. ಡಯರೀಯದಲ್ಲಿ ಮಾತ್ರ ‘ರೀ’ ಒತ್ತು ಪಡೆಯುತ್ತದೆ, ಏಕೆಂದರೆ ಅಲ್ಲಿರುವುದು ಲ್ಯಾಟಿನ್ನಿನ ಸಂಧ್ಯಕ್ಷರ. ಬ್ರಿಟಿಷ್ ಕಾಗುಣಿತದ ಓ ಮತ್ತು ಇ ಜೋಡಿ ಅದರ ಗುರುತು.

ಹಳಗನ್ನಡ ಓದಿದವರಿಗೆ ಶಿಥಿಲದ್ವಿತ್ವ ನೆನಪಿರಬಹುದು. ರ, ಲ, ಳ ಮುಂತಾದವು ಸೇರಿದ ಕೆಲವು ಒತ್ತಕ್ಷರಗಳನ್ನು ತೇಲಿಸಿ ನುಡಿಯುವುದರಿಂದ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ. ಲ್ಯಾಟಿನ್ನಿನಲ್ಲಿಯೂ ಇದನ್ನು ಹೋಲುವ ವಿನಾಯಿತಿಯೊಂದಿದೆ: ಬ್ರ, ಟ್ರ, ಪ್ಲ ಬಗೆಯ, ಅಂದರೆ ಸ್ಪರ್ಶ ವ್ಯಂಜನದ ಬೆನ್ನಿಗೇ ರಕಾರವೋ ಲಕಾರವೋ ಬಂದ ಕೂಡಿಕೆಗಳು ಹಿಂದಿನ ಹ್ರಸ್ವವನ್ನು ಗುರುವಾಗಿಸಲೇಬೇಕೆಂದಿಲ್ಲ. ಬೆನ್ನುಮೂಳೆಯ ಮಣಿಯನ್ನು ವರ್-ಟಿ-ಬ್ರ ಎಂದು ಮೊದಲ ಸಿಲೆಬಲ್ ಒತ್ತಿ ಹೇಳುವುದು ಇದರಿಂದಲೇ. ಮಿದುಳಿನ ಸೆರಿಬ್ರಮ್ ಪದದಲ್ಲಿ ಎರಡು ಉಚ್ಚಾರಣೆಗಳು ಚಾಲ್ತಿಯಲ್ಲಿರುವುದೂ ಇಲ್ಲಿಯೇ: ‘ಸೆ’ ಒತ್ತಿ ಸೆ-ರಿ-ಬ್ರಮ್ ಎನ್ನುವವರಿದ್ದಾರೆ, ‘ರೀ’ ಒತ್ತಿ ಸ-ರೀ-ಬ್ರಮ್ ಎನ್ನುವವರಿದ್ದಾರೆ. ಇಬ್ಬರನ್ನೂ ನಿಘಂಟು ಒಪ್ಪುತ್ತದೆ. ಎರಡು ದೂರದ ಭಾಷೆಗಳ ಛಂದಸ್ಸು ರಕಾರ ಲಕಾರಗಳ ಬಗ್ಗೆಯೇ ಹೀಗೆ ಮೃದುವಾಗಿರುವುದು ನನಗಂತೂ ಬಹಳ ಸಂತೋಷ ಕೊಡುವ ಸಂಗತಿ.

ಇಲ್ಲಿ ಒಂದು ಆಕ್ಷೇಪ ಬರಬೇಕು. ಇಂಗ್ಲಿಷ್ ಲಿಪಿ ಸ್ವರದ ದೀರ್ಘವನ್ನು ತೋರಿಸುವುದೇ ಇಲ್ಲವಲ್ಲ, ಗುರು ಯಾವುದು ಲಘು ಯಾವುದು ಎಂದು ತಿಳಿಯುವುದು ಹೇಗೆ? ನ್ಯಾಯವಾದ ಆಕ್ಷೇಪ. ಅದಕ್ಕೆ ಉತ್ತರ, ಪ್ರತ್ಯಯಗಳನ್ನು ಅವುಗಳ ತೂಕದೊಂದಿಗೆ ನೆನಪಿಟ್ಟುಕೊಳ್ಳುವುದು. ಸಾವಿರಾರು ಪದಗಳಿದ್ದರೂ ಬಾಲಗಳು ಬೆರಳೆಣಿಕೆಯವು. ಉರಿಯೂತ ಸೂಚಿಸುವ ‘ಐಟಿಸ್’ ಬಾಲದ ಸ್ವರ ದೀರ್ಘ, ಇಂಗ್ಲಿಷಿನಲ್ಲಿ ‘ಐ’ ಆಗಿ ಕೇಳುತ್ತದೆ: ಅಪೆಂಡಿಸೈಟಿಸ್, ಹೆಪಟೈಟಿಸ್. ‘ಓಸಿಸ್’ ಮತ್ತು ‘ಓಮ’ ಬಾಲಗಳ ಓಕಾರ ದೀರ್ಘ: ಥ್ರಾಂಬೋಸಿಸ್, ಟ್ಯುಬರ್ಕ್ಯುಲೋಸಿಸ್, ಕಾರ್ಸಿನೋಮ. ‘ಲಿಸಿಸ್’ ಬಾಲದ ಇಕಾರ ಹ್ರಸ್ವ, ಆದ್ದರಿಂದ ಒತ್ತು ಅದಕ್ಕೂ ಹಿಂದೆ: ಡಯಾಲಿಸಿಸ್‌ನಲ್ಲಿ ‘ಯಾ’ ಮೇಲೆ, ಪರಾಲಿಸಿಸ್‌ನಲ್ಲಿ ‘ರಾ’ ಮೇಲೆ. ಥ್ರಾಂಬೋಸಿಸ್ ಮತ್ತು ಡಯಾಲಿಸಿಸ್ ಬರಹದಲ್ಲಿ ಒಂದೇ ರೀತಿ ಮುಗಿದರೂ ಬೇರೆ ಬೇರೆ ಲಯದಲ್ಲಿ ಕೇಳುವುದು ಈ ಒಂದು ಸ್ವರದ ತೂಕದಿಂದ. ಇಂಥ ಪದವನ್ನು ಮೊದಲ ಸಲ ಕಲಿಯುವಾಗ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದು ಒಳ್ಳೆಯದು. ದೀರ್ಘವೋ ಹ್ರಸ್ವವೋ ಎಂದು ತೀರ್ಮಾನಿಸದೆ ಕನ್ನಡದಲ್ಲಿ ಬರೆಯಲು ಆಗುವುದೇ ಇಲ್ಲ. ಲಿಪಿಯೇ ನಮ್ಮನ್ನು ನಿಲ್ಲಿಸಿ ಕೇಳುತ್ತದೆ.

ಲ್ಯಾಟಿನ್ ಉಡುಪು ಕಳಚಿ ಇಂಗ್ಲಿಷ್ ಬಾಲ ಅಂಟಿಸಿಕೊಂಡ ಪದಗಳಿಗೆ ಈ ಲೆಕ್ಕ ನೇರವಾಗಿ ಸಲ್ಲುವುದಿಲ್ಲ, ಆದರೆ ಅವೂ ಬಾಲದ ಮಾತನ್ನೇ ಕೇಳುತ್ತವೆ. ಲಜಿ, ಗ್ರಫಿ, ಸ್ಕಪಿ, ಟಮಿ, ಪಥಿ ಎಂದು ಇಕಾರದಲ್ಲಿ ಮುಗಿಯುವ ಬಾಲಗಳೆಲ್ಲ ಒತ್ತನ್ನು ಕೊನೆಯಿಂದ ಮೂರನೆಯದರ ಮೇಲೆ, ಅಂದರೆ ತಮಗಿಂತ ಒಂದು ಹೆಜ್ಜೆ ಹಿಂದೆ ಇರಿಸುತ್ತವೆ. ‘ಇಕ್’ ಎಂದು ಮುಗಿದರೆ ಒತ್ತು ಅದರ ಹಿಂದಿನ ಸಿಲೆಬಲ್‌ಗೆ. ‘ಗ್ರಾಮ್’ ಅಥವಾ ‘ಸ್ಕೋಪ್’ ಎಂದು ಮುಗಿದರೆ ಒತ್ತು ಇನ್ನೂ ಹಿಂದಕ್ಕೆ, ಮೂಲಪದದ ಆರಂಭಕ್ಕೆ ಓಡುತ್ತದೆ. ಒಂದೇ ಬುಡದಿಂದ ಬಂದ ಮೂರು ಪದಗಳನ್ನು ಒಂದರ ಹಿಂದೆ ಒಂದು ಹೇಳಿದರೆ ಇದು ಕಿವಿಗೇ ತಿಳಿಯುತ್ತದೆ. ಇಲೆಕ್ಟ್ರೋಕಾರ್ಡಿಯೋಗ್ರಾಮ್‌ನಲ್ಲಿ ಒತ್ತು ‘ಕಾರ್’ ಮೇಲೆ. ಇಲೆಕ್ಟ್ರೋಕಾರ್ಡಿಯಾಗ್ರಫಿ ಎಂದೊಡನೆ ಅದು ‘ಯಾ’ ಮೇಲೆ ಹೋಗುತ್ತದೆ. ಇಲೆಕ್ಟ್ರೋಕಾರ್ಡಿಯೋಗ್ರಾಫಿಕ್ ಎಂದರೆ ‘ಗ್ರಾ’ ಮೇಲೆ. ಒತ್ತು ಸರಿದಾಗ ಸ್ವರದ ಗುಣವೂ ಬದಲಾಗುವುದನ್ನು ಗಮನಿಸಿ: ಮೊದಲಿನ ಪದದ ‘ಯೋ’ ಎರಡನೆಯದರಲ್ಲಿ ‘ಯಾ’ ಆಯಿತು, ‘ಗ್ರಾ’ ಸೊರಗಿ ‘ಗ್ರ’ ಆಯಿತು.

ಈ ಸೊರಗುವಿಕೆ ನಮಗೆ ಒಗ್ಗದ ವಿಷಯ. ಕನ್ನಡದಲ್ಲಿ ಹ್ರಸ್ವ ಸ್ವರಕ್ಕೂ ಅದರದೇ ಮರ್ಯಾದೆಯಿದೆ, ಒಂದು ಮಾತ್ರೆಯ ಕಾಲವನ್ನು ಅದಕ್ಕೆ ಕೊಟ್ಟೇ ಕೊಡುತ್ತೇವೆ. ಇಂಗ್ಲಿಷಿನಲ್ಲಿ ಒತ್ತಿಲ್ಲದ ಸ್ವರಗಳು ಬಹುಮಟ್ಟಿಗೆ ಒಂದು ಅಸ್ಪಷ್ಟ ಅಕಾರವಾಗಿ ಕರಗಿಹೋಗುತ್ತವೆ. ನನ್ನ ಅಭಿಪ್ರಾಯ ಕೇಳಿದರೆ, ಅದನ್ನು ಅನುಕರಿಸಲು ಹೆಣಗಬೇಕಾಗಿಲ್ಲ. ಪ್ರತಿ ಸ್ವರವನ್ನೂ ಪೂರ್ಣವಾಗಿ ಹೇಳಿದರೆ ಕೇಳುವವರಿಗೆ ನಿಮ್ಮ ಊರಿನ ಸುಳಿವು ಸಿಗಬಹುದು, ಪದ ತಪ್ಪುವುದಿಲ್ಲ. ಒತ್ತು ತಪ್ಪಾದ ಸಿಲೆಬಲ್ ಮೇಲೆ ಬಿದ್ದರೆ ಮಾತ್ರ ಪದವೇ ತಪ್ಪಿಹೋಗುತ್ತದೆ. ಎಲ್ಲ ವ್ಯಂಜನಗಳೂ ಸರಿಯಿದ್ದರೂ ಕೇಳುವವರು ‘ಏನು?’ ಎನ್ನುತ್ತಾರೆ.

ವ್ಯಂಜನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗ್ರೀಕ್ ಮೂಲದ ಸಿ-ಎಚ್ ಜೋಡಿ ‘ಕ’ ಆಗುತ್ತದೆ: ಕ್ರಾನಿಕ್, ಕಾಲರ, ಟ್ರೇಕಿಯ. ಜಿ ಅಕ್ಷರ ಇ, ಐ, ವೈಗಳ ಮುಂದೆ ‘ಜ’ ಆಗುವುದರಿಂದ ಲ್ಯಾರಿಂಜೈಟಿಸ್ ಎನ್ನುತ್ತೇವೆ. ಅದೇ ಅಕ್ಷರ ಓ ಮುಂದೆ ‘ಗ’ ಆಗಿ ಉಳಿಯುವುದರಿಂದ ಓಟೋರೈನೋಲ್ಯಾರಿಂಗಾಲಜಿ ಎನ್ನುತ್ತೇವೆ. ಪದದ ಮೊದಲಲ್ಲಿ ಬರುವ ಪಿ-ಎನ್, ಪಿ-ಎಸ್, ಪಿ-ಟಿ ಜೋಡಿಗಳಲ್ಲಿ ಪಕಾರ ಮೌನ: ನ್ಯುಮೋನಿಯ, ಸೊರಾಯಸಿಸ್, ರೆಪ್ಪೆ ಇಳಿಬೀಳುವುದನ್ನು ಹೇಳುವ ಟೋಸಿಸ್. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಆ ಜೋಡಿ ಪದದ ನಡುವೆ ಬಂದರೆ ಏನಾಗುತ್ತದೆ ಎಂಬುದು ಸಿಲೆಬಲ್ ಪ್ರಶ್ನೆ. ಇಂಗ್ಲಿಷ್ ನಾಲಿಗೆ ಸಿಲೆಬಲ್ಲಿನ ಆರಂಭದಲ್ಲಿ ‘ಪ್ಟ’ ಎನ್ನಲಾರದು, ಹಾಗಾಗಿ ಪಕಾರವನ್ನು ಬಿಡುತ್ತದೆ. ಹಿಂದೆ ಒಂದು ಸ್ವರ ಸಿಕ್ಕರೆ ಪಕಾರ ಹಿಂದಿನ ಸಿಲೆಬಲ್ಲಿನ ಕೊನೆಗೆ ಅಂಟಿಕೊಂಡು ಬದುಕಿಕೊಳ್ಳುತ್ತದೆ. ಕೆಮ್ಮಿನಲ್ಲಿ ರಕ್ತ ಬರುವುದನ್ನು ಹಿ-ಮಾಪ್-ಟಿ-ಸಿಸ್ ಎನ್ನುವಾಗ ಪಕಾರ ಸ್ಪಷ್ಟವಾಗಿ ಕೇಳುತ್ತದೆ. ಹೆಲಿಕಾಪ್ಟರ್ ಕೂಡ ಅರ್ಥದಲ್ಲಿ ಹೆಲಿಕೊ ಮತ್ತು ಪ್ಟರ್, ಬಾಯಲ್ಲಿ ಹೆ-ಲಿ-ಕಾಪ್-ಟರ್.

ಈ ನಿಯಮದ ವಿರುದ್ಧ ಒಂದು ಪದಕ್ಕೆ ಅದನ್ನು ಚಲಾವಣೆಗೆ ತಂದವರೇ ಉಚ್ಚಾರಣೆಯನ್ನು ವಿಧಿಸಿದ ಪ್ರಸಂಗವುಂಟು. ಜೀವಕೋಶಗಳು ಕ್ರಮಬದ್ಧವಾಗಿ ಸಾಯುವ ಪ್ರಕ್ರಿಯೆಯನ್ನು 1972ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಕ್ಯಾನ್ಸರ್ ಪತ್ರಿಕೆಯಲ್ಲಿ ಕೆರ್, ವೈಲಿ ಮತ್ತು ಕರಿ ವಿವರಿಸಿದರು. ಅದಕ್ಕೆ apoptosis ಎಂಬ ಹೆಸರು ಸೂಚಿಸಿದವರು ಆಬರ್ಡೀನ್ ವಿಶ್ವವಿದ್ಯಾಲಯದ ಗ್ರೀಕ್ ಪ್ರಾಧ್ಯಾಪಕ ಜೇಮ್ಸ್ ಕಾರ್ಮ್ಯಾಕ್. ಹೂವಿನ ಎಸಳು, ಮರದ ಎಲೆ ಉದುರುವುದಕ್ಕೆ ಗ್ರೀಕರು ಬಳಸುತ್ತಿದ್ದ ಪದ ಅದು. ಲೇಖಕರು ಅಡಿಟಿಪ್ಪಣಿಯಲ್ಲಿ, ಒತ್ತು ಕೊನೆಯಿಂದ ಎರಡನೆಯ ಸಿಲೆಬಲ್ ಮೇಲಿರಲಿ, ಪದದ ಉತ್ತರಾರ್ಧ ‘ಟೋಸಿಸ್’ನಂತೆ ಪಕಾರವಿಲ್ಲದೆ ಕೇಳಲಿ ಎಂದು ಬರೆದರು. ಅಂದರೆ ಅ-ಪ-ಟೋ-ಸಿಸ್. ಅವರಿಗೆ ಪದದ ಒಳಗಿನ ಅರ್ಥದ ಗಡಿ ಕಿವಿಗೂ ಕೇಳಬೇಕಿತ್ತು. ಪ್ರಯೋಗಾಲಯಗಳಲ್ಲಿ ಈಗ ಎ-ಪಾಪ್-ಟೋ-ಸಿಸ್ ಎಂದು ಪಕಾರ ಸೇರಿಸಿ ಹೇಳುವವರು ಬೇಕಾದಷ್ಟು ಜನ. ಒತ್ತಿನ ಬಗ್ಗೆ ಮಾತ್ರ ಎರಡು ಪಂಗಡಗಳಿಗೂ ತಕರಾರಿಲ್ಲ. ‘ಓಸಿಸ್’ ಬಾಲ ಅದನ್ನು ಮೊದಲೇ ಇತ್ಯರ್ಥ ಮಾಡಿದೆ.

ಇನ್ನು ಅಭ್ಯಾಸದ ರೀತಿ. ಉದ್ದ ಪದವನ್ನು ಮೊದಲಿನಿಂದ ಹೇಳುತ್ತ ಹೋದರೆ ನಡುವೆ ಉಸಿರು ತಪ್ಪುತ್ತದೆ, ಕೊನೆಯ ಭಾಗ ಗೊಣಗಾಗುತ್ತದೆ, ಒತ್ತು ಇರುವುದೇ ಆ ಕೊನೆಯ ಭಾಗದಲ್ಲಿ. ಆದ್ದರಿಂದ ಬಾಲದಿಂದ ಕಟ್ಟುತ್ತ ಬನ್ನಿ. ಅನ್ನನಾಳ, ಜಠರ, ಸಣ್ಣ ಕರುಳಿನ ಮೊದಲ ಭಾಗವಾದ ಡ್ಯುಓಡೀನಮ್‌ಗಳನ್ನು ಒಂದೇ ಸಲ ನೋಡುವ ಎಂಡೋಸ್ಕೋಪಿಗೆ ಇರುವ ಪೂರ್ಣ ಹೆಸರನ್ನು ತೆಗೆದುಕೊಳ್ಳೋಣ. ಮೊದಲು ‘ನಾಸ್-ಕ-ಪಿ’, ‘ನಾಸ್’ ಮೇಲೆ ಒತ್ತು. ಇದನ್ನು ಬಾಯಿಗೆ ಕೂರಿಸಿಕೊಳ್ಳಿ. ಆಮೇಲೆ ‘ಡ್ಯು-ಅ-ಡಿ-ನಾಸ್-ಕ-ಪಿ’. ಅದಕ್ಕೆ ‘ಗ್ಯಾಸ್-ಟ್ರೋ’ ಸೇರಿಸಿ. ಕೊನೆಗೆ ‘ಇ-ಸಾ-ಫ-ಗೊ’. ಇ-ಸಾ-ಫ-ಗೊ-ಗ್ಯಾಸ್-ಟ್ರೋ-ಡ್ಯು-ಅ-ಡಿ-ನಾಸ್-ಕ-ಪಿ: ಒಟ್ಟು 12 ಸಿಲೆಬಲ್. ಹೊಸ ತುಂಡು ಸೇರಿದಾಗಲೆಲ್ಲ ಗೊತ್ತಿರುವ ನೆಲದ ಕಡೆಗೇ ಸಾಗುವುದರಿಂದ ಧೈರ್ಯ ಕುಂದುವುದಿಲ್ಲ. ಮುಖ್ಯ ಒತ್ತಿನ ಹಿಂದೆ ಸಾಫ್, ಗ್ಯಾಸ್, ಡ್ಯು ಎಂಬಲ್ಲಿ ಕಿರಿಯ ಒತ್ತುಗಳು ತಾವಾಗಿಯೇ ಮೂಡುತ್ತವೆ. ಅವುಗಳನ್ನು ಬಲವಂತವಾಗಿ ತರಬೇಕಿಲ್ಲ.

45 ಅಕ್ಷರಗಳ ‘ನ್ಯುಮೊನೊ ಅಲ್ಟ್ರಾ’ ಎಂದು ಶುರುವಾಗುವ ಪದವನ್ನು ಹೇಳಿ ತೋರಿಸಿ ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ಅದು ವೈದ್ಯರು ಬಳಸಲು ಮಾಡಿದ ಪದವಲ್ಲ. 1935ರಲ್ಲಿ ಅಮೆರಿಕದ ಪದಬಂಧಪ್ರಿಯರ ಸಂಘವಾದ ನ್ಯಾಷನಲ್ ಪಜ್ಲರ್ಸ್ ಲೀಗಿನ ಅಧ್ಯಕ್ಷ ಎವರೆಟ್ ಸ್ಮಿತ್ ಉದ್ದಕ್ಕಾಗಿಯೇ ಕಟ್ಟಿದ್ದು. ಅದು ಹೇಳುವ, ಸಿಲಿಕ ಧೂಳಿನಿಂದ ಬರುವ ಶ್ವಾಸಕೋಶದ ರೋಗ ನಿಜ, ಅದನ್ನು ಸಿಲಿಕೋಸಿಸ್ ಎಂದರೆ ಸಾಕು. 19 ಸಿಲೆಬಲ್‌ಗಳ ಆ ಪದವೂ ಬಾಲದಲ್ಲಿ ‘ಓಸಿಸ್’ ಹೊತ್ತಿರುವುದರಿಂದ ಒತ್ತು ಎಲ್ಲಿ ಎಂಬ ಬಗ್ಗೆ ಅನುಮಾನವಿಲ್ಲ. ನಿಜವಾಗಿಯೂ ಬಳಕೆಯಲ್ಲಿರುವ ಉದ್ದ ಪದ ಬೇಕಿದ್ದರೆ 30 ಅಕ್ಷರಗಳ ಸ್ಯೂಡೋಸ್ಯೂಡೋಹೈಪೋಪ್ಯಾರಥೈರಾಯ್ಡಿಸಮ್ ಇದೆ, ಫುಲ್ಲರ್ ಆಲ್‌ಬ್ರೈಟ್ 1952ರಲ್ಲಿ ಬಣ್ಣಿಸಿದ್ದು. ಸ್ಯೂಡೋ ಎರಡು ಸಲ ಬರುವುದನ್ನು ಎಣಿಸಿ ಹೇಳಬೇಕು, ಒಂದು ಸಲ ಹೇಳಿದರೆ ಅದು ಬೇರೆ ಕಾಯಿಲೆ.

ಕೊನೆಯಲ್ಲಿ ಬಂದ ಪ್ರಶ್ನೆ, ಹಿರಿಯರು ನಿಘಂಟಿಗಿಂತ ಬೇರೆಯಾಗಿ ಉಚ್ಚರಿಸುತ್ತಿದ್ದರೆ ಏನು ಮಾಡಬೇಕು ಎಂಬುದು. ಹೊಕ್ಕುಳಿನ ಹೆಸರನ್ನು ಅಂಬಿಲಿಕಸ್ ಎಂದು ‘ಬಿ’ ಒತ್ತಿದರೂ, ಅಂಬಿಲೈಕಸ್ ಎಂದು ‘ಲೈ’ ಒತ್ತಿದರೂ ಯಾರಿಗೂ ನಷ್ಟವಿಲ್ಲ. ಅಲ್ಲಿ ರೂಢಿಯಲ್ಲಿರುವುದನ್ನೇ ಹೇಳಿ. ಪದಗಳು ಒಂದಕ್ಕೊಂದು ತಾಗಿಕೊಂಡಿರುವ ಕಡೆ ಈ ಉದಾರತೆ ಸಲ್ಲದು. ಕೊಲೆಕ್ಟಮಿ ಎಂದರೆ ದೊಡ್ಡ ಕರುಳನ್ನೋ ಅದರ ಭಾಗವನ್ನೋ ತೆಗೆಯುವುದು, ಕೊಲಾಸ್ಟಮಿ ಎಂದರೆ ಅದಕ್ಕೆ ಹೊರಬಾಯಿ ಮಾಡುವುದು, ಕೊಲಾಟಮಿ ಎಂದರೆ ಅದನ್ನು ಕೊಯ್ದು ತೆರೆಯುವುದು. ಲೆಕ್, ಲಾಸ್, ಲಾಟ್ ಎಂಬ ವ್ಯತ್ಯಾಸವಷ್ಟೂ ಒತ್ತು ಬೀಳುವ ಸಿಲೆಬಲ್ಲಿನಲ್ಲಿಯೇ ಇದೆ. ಒತ್ತನ್ನು ಸರಿಯಾದ ಜಾಗದಲ್ಲಿ ಇಟ್ಟರೆ ಅದು ತಾನಾಗಿ ಎದ್ದು ಕೇಳುತ್ತದೆ. ಹೈಪೋ ಮತ್ತು ಹೈಪರ್ ವಿಷಯದಲ್ಲಿ ಈ ಅನುಕೂಲವೂ ಇಲ್ಲ. ಹೈಪೋಗ್ಲೈಸೀಮಿಯ, ಹೈಪರ್‌ಗ್ಲೈಸೀಮಿಯ ಎರಡರಲ್ಲಿಯೂ ಮುಖ್ಯ ಒತ್ತು ‘ಸೀ’ ಮೇಲಿದ್ದು, ಅರ್ಥವನ್ನು ತಿರುಗಿಸಿಬಿಡುವ ‘ಪೋ’, ‘ಪರ್’ ಎರಡೂ ಒತ್ತಿಲ್ಲದ ನೆರಳಿನಲ್ಲಿವೆ. ಅಲ್ಲಿ ನಿಯಮವನ್ನು ಬೇಕೆಂದೇ ಮುರಿದು ‘ಪೋ’ ಅಥವಾ ‘ಪರ್’ ಒತ್ತಿ ಹೇಳಬೇಕು, ಹೇಳಿದ ಮೇಲೆ ಸಕ್ಕರೆ ಕಡಿಮೆಯೋ ಹೆಚ್ಚೋ ಎಂಬುದನ್ನು ಸರಳ ಮಾತಿನಲ್ಲಿ, ಅಳತೆಯ ಅಂಕಿಯೊಂದಿಗೆ ಇನ್ನೊಮ್ಮೆ ಹೇಳಬೇಕು. ಫೋನಿನಲ್ಲಿ ಹೇಳುತ್ತಿದ್ದರಂತೂ ಆ ಕಡೆಯವರಿಂದ ಅದನ್ನೇ ಮತ್ತೆ ಹೇಳಿಸಿ ಕೇಳಿಕೊಳ್ಳಬೇಕು.